ಹನ್ನೆರಡು ನಿಮಿಷ

ಮಂಚದ ಕೆಳಗೆ ಕೈ ಚಾಚಿದಾಗ ಮೊದಲು ಸಿಕ್ಕಿದ್ದು ಪ್ಲಾಸ್ಟಿಕ್ ಚೀಲದ ಸರಬರ ಸದ್ದು. ನೀಲಾಂಬಿಕಾ ಕೈಯನ್ನು ಹಾಗೆಯೇ ಹಿಂದಕ್ಕೆಳೆದುಕೊಂಡಳು. ಮೂರು ತಿಂಗಳಿಂದ ಆ ಚೀಲ ಅಲ್ಲಿ ಮಲಗಿತ್ತು, ಅದರ ಮೇಲೆ ಅವಳು ಮಲಗಿದ್ದಳು, ಒಬ್ಬರ ನಿದ್ದೆ ಎಷ್ಟು ತೆಳುವೆಂದು ಇನ್ನೊಬ್ಬರಿಗೆ ಗೊತ್ತಿತ್ತು. ಒಳಗಿದ್ದುದು ಒಂದು ಜೊತೆ ಕಪ್ಪು ಬೂಟು, ಅಷ್ಟೇ. ಬಿಬಿಎ ಕೊನೆಯ ವರ್ಷದವರು ಸೆಮಿನಾರಿಗೂ ವೈವಾಕ್ಕೂ ಬಿಳಿ ಅಂಗಿ, ಕಪ್ಪು ಪ್ಯಾಂಟು, ಕಪ್ಪು ಬೂಟಿನಲ್ಲೇ ಬರತಕ್ಕದ್ದು ಎಂದು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹಚ್ಚಿದ್ದರು. ಅಪ್ಪ ಹಿರೇಕೆರೂರಿನ ಸಂತೆಯಲ್ಲಿ ಗೋವಿನಜೋಳದ ಚೀಲ ಇಳಿಸಿ ಬರುವಾಗ ಕಣ್ಣಳತೆಯಲ್ಲೇ ತಂದಿದ್ದ. ಒಂದು ಅಳತೆ ದೊಡ್ಡವು. ಮುಂದೆ ಅರಳೆ ತುರುಕಿ ಹಾಕಿಕೊಂಡರೆ ನಡೆಯುವಾಗ ಯಾರೋ ಹಿಂದಿನಿಂದ ಬರುತ್ತಿರುವ ಹಾಗೆ ಟಪ್ಪು ಟಪ್ಪು ಎನ್ನುತ್ತಿದ್ದವು. ಈಗ ಅವುಗಳನ್ನು ಬೆಳಕಿಗೆ ಹಿಡಿದು ಅಡಿ ನೋಡಿದಳು. ಗೀರುಗಳಲ್ಲಿ ಮಣ್ಣು ಒಣಗಿ ಕೂತಿತ್ತು. ಬೂದುಬಣ್ಣದ ಮಣ್ಣು, ಅದರೊಳಗೆ ಸಾಸಿವೆಯಷ್ಟು ದೊಡ್ಡ ಒಂದೆರಡು ಬಿಳಿ ಚೂರು. ದಸರೆಯಾದ ಮೇಲೆ ಒಮ್ಮೆ ತೊಳೆಯಬೇಕೆಂದು ಬಚ್ಚಲಕಲ್ಲಿನ ತನಕ ಒಯ್ದಿದ್ದಳು. ತಂಬಿಗೆ ಎತ್ತಿದ ಮೇಲೆ, ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಿದಳು. ಬಚ್ಚಲ ಕಾಲುವೆ ಹಿತ್ತಲಿಗೆ ಹೋಗುತ್ತಿತ್ತು, ಹಿತ್ತಲಲ್ಲಿ ಆಯಿ, ಅವ್ವನ ತಾಯಿ, ಕೈಯಾರೆ ಹಚ್ಚಿದ ಒಂದೇ ಒಂದು ವೀಳ್ಯದೆಲೆಯ ಬಳ್ಳಿ ನುಗ್ಗೆಮರ ತಬ್ಬಿಕೊಂಡು ನಿಂತಿತ್ತು. ತಂಬಿಗೆ ಇಳಿಸಿದಳು. ಬೂಟು ಹಾಗೆಯೇ ಚೀಲಕ್ಕೆ ಹೋದವು.

ಇವತ್ತು ಹನ್ನೊಂದಕ್ಕೆ ವೈವಾ. ಸಂಜೆ ಐದಕ್ಕೆ ತೋಟದ ಬಾವಿಕಟ್ಟೆಯ ಮೇಲೆ ಮಾವನ ಸಭೆ. ಎರಡರ ನಡುವೆ ಆರು ತಾಸು ಇತ್ತು. ಆ ಆರು ತಾಸಿನಲ್ಲಿ ಎಲ್ಲಿಯೋ ಒಂದು ಕಡೆ ಅವಳು ಒಂದು ಮಾತು ಹೇಳಬೇಕಾಗಿತ್ತು.

ಪಡಸಾಲೆಯಲ್ಲಿ ಲಕ್ಕಪ್ಪ ಮಾವ ಚಹಾ ಬಸಿಗೆ ಸುರಿದುಕೊಂಡು ಊದುತ್ತಿದ್ದ. ಅವ್ವನ ತಮ್ಮ, ಕಾಲೇಜಿನ ಸಲುವಾಗಿ ಅವಳನ್ನು ಸವಣೂರಿನ ಈ ಮನೆಯಲ್ಲಿಟ್ಟುಕೊಂಡು ಮೂರು ವರ್ಷವಾಯಿತು, ಒಂದು ದಿನವೂ ಉಂಡ ತಾಟಿನ ಲೆಕ್ಕ ತೆಗೆದವನಲ್ಲ. ಬೂಟು ಹಾಕಿಕೊಂಡು ನಿಂತ ಸೊಸೆಯನ್ನು ಕಂಡು ಅವನ ಮುಖ ಅರಳಿತು. ಮ್ಯಾನೇಜರಬಾಯಿ ತಯಾರಾದ್ರಿ ಅಂದ. ಬೆಳಗ್ಗೆ ತೋಟಕ್ಕೆ ಹೋಗಿಬಂದಿದ್ದನೆಂದು ಅವನ ಕೈ ಹೇಳುತ್ತಿತ್ತು. ಬೆರಳ ಸಂದಿಯಲ್ಲಿ ಹಳದಿ ಎಲೆಯ ರಸ. ಇನ್ನೊಂದು ಸಾಲು ಹೋಯಿತೆಂದು ಹೆಂಡತಿಗೆ ಹೇಳಿದ, ಕಾಂಡ ಹಿಡಿದರೆ ಕೈಗೇ ಬಂತು, ಬುಡ ಕರಗಿ ಸಾರಾಗೈತಿ ಎಂದ. ಆಮೇಲೆ ಬಾಗಿಲ ಕಡೆ ನೋಡುತ್ತ, "ಸಂಜೀಕ ಎಂಟೂ ತೋಟದವರು ಬರಾಕತ್ತಾರ. ಚೌಡವ್ವಗೂ ಹೇಳಿ ಕಳಿಸೇನಿ. ಇವತ್ತ ಅದೊಂದು ಮುಗಸಿಬಿಡಬೇಕು" ಅಂದ.

"ಮುಗಸೂದೇನೈತಿ" ಎಂದಳು ಅನ್ನವ್ವ ಅತ್ತಿ ಒಳಗಿನಿಂದ. "ಆಕಿ ಕಾಲಿಟ್ಟಲ್ಲೇ ಮುಗದೈತಿ."

ನೀಲಾಂಬಿಕಾ ಬಾಯಿ ತೆರೆದಳು. ಬಾಯಲ್ಲಿ ಅವಲಕ್ಕಿ ಇತ್ತು. ನುಂಗುವಷ್ಟರಲ್ಲಿ ಮಾವ ಎದ್ದು ಹೋಗಿದ್ದ.

ಚೌಡವ್ವ ಇಪ್ಪತ್ತೆರಡು ವರ್ಷ ಮಾವನ ತೋಟದಲ್ಲಿ ಎಲೆ ಕೊಯ್ದವಳು. ಹೆಬ್ಬೆರಳಿಗೆ ತಗಡಿನ ಉಗುರು ತೊಟ್ಟು, ಎಲೆಯ ತೊಟ್ಟನ್ನು ಮುಟ್ಟಿದಳೋ ಇಲ್ಲವೋ ಎನ್ನುವಂತೆ ಕತ್ತರಿಸಿ, ಬಳ್ಳಿಗೆ ತಿಳಿಯುವ ಮೊದಲೇ ಮುಂದಕ್ಕೆ ಹೋಗಿರುತ್ತಿದ್ದಳು. ಅದಕ್ಕಿಂತ ದೊಡ್ಡ ಕೆಲಸ ಅವಳದು ಗೇಟಿನಲ್ಲಿತ್ತು. ಎಲೆತೋಟಕ್ಕೆ ಯಾರೇ ಬರಲಿ, ಧಣಿಯೇ ಬರಲಿ, ಚಪ್ಪಲಿ ಹೊರಗೆ ಬಿಟ್ಟು ಕಾಲು ಮುಂದೆ ಮಾಡಬೇಕು. ಚೌಡವ್ವ ಕೊಡದಿಂದ ತಂಬಿಗೆಯಲ್ಲಿ ಮೊಗೆದು ನೀರು ಹಾಕಬೇಕು. ಹಿಮ್ಮಡಿ ಉಜ್ಜಿಕೊಂಡು, ಬೆರಳ ಸಂದಿ ತಿಕ್ಕಿಕೊಂಡು ಒಳಗೆ ಹೋಗಬೇಕು. ಸವಣೂರಿನ ಎಲ್ಲ ತೋಟಗಳಲ್ಲೂ ಅದೇ ರೀತಿ, ಸಾಬರ ತೋಟವಿರಲಿ, ಲಿಂಗವಂತರದಿರಲಿ. ತೋಟ ಒಣಗಿದವನು ಮಾತ್ರ ಕಾಲು ತೊಳೆದುಕೊಂಡೂ ಒಳಗೆ ಬರುವಂತಿಲ್ಲ, ಒಂದು ವರ್ಷ ಬೇಲಿಯ ಹೊರಗೇ ನಿಂತು ಮಾತಾಡಬೇಕು. ಯಾಕೆಂದು ಯಾರೂ ಹೇಳುತ್ತಿರಲಿಲ್ಲ. ಹೇಳುತ್ತಿದ್ದವಳು ಆಯಿ ಒಬ್ಬಳೇ, ಅದೂ ಕತೆ ಮಾಡಿ. ಎಲೆಬಳ್ಳಿ ಮೊದಲು ಒಂದು ಹುಡುಗಿಯಾಗಿತ್ತಂತೆ. ಏಳು ಮಂದಿ ಅಣ್ಣಂದಿರ ನಡುವೆ ಒಬ್ಬಳೇ ತಂಗಿ, ಕೊಟ್ಟ ಮನೆಯಲ್ಲಿ ಮಾವನ ಕಾಲಿನ ಕೆರದ ಸಪ್ಪಳ ಕೇಳಿದರೆ ಸಾಕು, ಕಂಬದ ಮರೆಗೆ ನಿಂತು ಉಸಿರು ಹಿಡಿಯುತ್ತಿದ್ದಳಂತೆ. ಸಪ್ಪಳ ದೂರವಾದ ಮೇಲೆ ಬಿಡುತ್ತಿದ್ದಳಂತೆ. ಒಂದು ದಿನ ಕೆರ ಬಂದು ಕಂಬದ ಮುಂದೆಯೇ ನಿಂತುಬಿಟ್ಟವು, ಹೋಗಲೇ ಇಲ್ಲ. ಹುಡುಗಿ ಉಸಿರು ಹಿಡಿದೇ ಹಿಡಿದಳು, ಹಸಿರಾದಳು, ಕಂಬಕ್ಕೆ ಹಬ್ಬಿಕೊಂಡಳು. ಮುಂದೇನಾಯಿತು ಆಯಿ ಎಂದರೆ, ಮುಂದಿನದನ್ನು ತೋಟದಲ್ಲಿ ಹೋಗಿ ಕೇಳು, ಬರಿಗಾಲಲ್ಲಿ ಹೋಗಿ ಕೇಳು ಎಂದು ಮಗ್ಗುಲಾಗುತ್ತಿದ್ದಳು. ಸಾಯುವ ತನಕ ಆ ಕತೆಗೆ ಕೊನೆ ಹೇಳಲಿಲ್ಲ.

ಕಾಲೇಜಿನ ದಾರಿ ತೋಟಗಳ ಮಗ್ಗುಲಿನಿಂದಲೇ ಹೋಗುತ್ತಿತ್ತು. ಇವತ್ತು ಎರಡು ಜೊತೆ ಕಾಲುಚೀಲ ಒಂದರ ಮೇಲೊಂದು ತೊಟ್ಟಿದ್ದಳು, ಬೂಟು ಈಗಲೂ ಟಪ್ಪು ಟಪ್ಪು ಎನ್ನುತ್ತಿದ್ದವು. ಡಿಸೆಂಬರಿನ ಬಿಸಿಲು ಇನ್ನೂ ಎಳೆಯದು. ಮಾವನ ತೋಟದ ಬೇಲಿಯಾಚೆ ನುಗ್ಗೆ, ಚೊಗಚೆ ಮರಗಳು ನೇರ ನಿಂತಿದ್ದವು, ಮೈಮೇಲೆ ಬಳ್ಳಿಯಿಲ್ಲದೆ ಬೋಳಾದ ಮರಗಳು ಯಾರನ್ನೋ ಕಾಯುವ ಹಾಗೆ ಕಾಣುತ್ತಿದ್ದವು. ಅವಳು ರಸ್ತೆಯ ಆ ಅಂಚಿಗೆ ಸರಿದು ನಡೆದಳು. ಇಲ್ಲಿಂದ ಅಲ್ಲಿಗೆ ಹಾರಲಾರದು, ಒಣಗಿದ ಮಣ್ಣು, ಡಾಂಬರು ರಸ್ತೆ, ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಬೆರಳುಗಳನ್ನು ಬೂಟಿನೊಳಗೆ ಮುದುರಿ ಹಿಡಿದಿದ್ದಳು. ಸೆಪ್ಟೆಂಬರಿನ ಆ ದಿನವೂ ಹೀಗೆಯೇ ಬೆರಳು ಮುದುರಿದ್ದಳು. ಮಳೆ ಬಿಟ್ಟು ಎರಡು ದಿನವಾಗಿತ್ತು. 'ಸವಣೂರಿನ ಎಲೆತೋಟಗಳ ನಿರ್ವಹಣೆ' ಎಂಬುದು ಅವಳ ಪ್ರಾಜೆಕ್ಟಿನ ವಿಷಯ. ಎರಡು ತೋಟ ನೋಡಬೇಕು, ಒಂದು ಗೆದ್ದದ್ದು ಒಂದು ಸೋತದ್ದು, ಎಂದು ಗೈಡ್ ಪ್ರಶಾಂತ ಸರ್ ಹೇಳಿದ್ದರು. ಸೋತದ್ದು ಮುನಾಫನ ಮನೆಯದು. ಮುನಾಫ ಅವಳ ಕ್ಲಾಸಿನವನು. ಅವನ ಅಪ್ಪ ಮುಜಮ್ಮಿಲ ಸಾಬರ ತೋಟ ಬೇಸಿಗೆಯಿಂದಲೇ ಸೊರಗಿ ಸೊರಗಿ ಆಗಷ್ಟೇ ಪೂರ್ತಿ ಮಲಗಿತ್ತು. ಗೇಟಿನ ಬಳಿ ಅವಳು ಲೇಸಿಗೆ ಬಾಗಿದಾಗ ಮುನಾಫ ನಕ್ಕಿದ್ದ. "ಬೂಟ ಇರಲಿ ಬಿಡು ಮಾರಾಯ್ತಿ, ಸತ್ತ ತೋಟಕ್ಕ ಎಂಥಾ ಮಡಿ" ಅಂದಿದ್ದ. ನಗು ಅರ್ಧಕ್ಕೇ ನಿಂತಿತ್ತು, ಅವನ ತೋಟ ಅದು. ಅವಳಿಗೂ ಅದು ಸರಿಯೆನ್ನಿಸಿತು. ಇನ್ನೇನು ಹಾಳಾಗಬೇಕಾಗಿತ್ತು ಅಲ್ಲಿ? ಮುಜಮ್ಮಿಲ ಸಾಬರು ಹಿಂದಿನ ವರ್ಷ ತೋಟ ಬದುಕಲೆಂದು ಕೆರೆಯ ಹೂಳು ತರಿಸಿ ಹಾಸಿದ್ದರು. ಆ ಬೂದು ಕೆಸರಿನಲ್ಲಿ ಅವಳು ಮುಕ್ಕಾಲು ತಾಸು ಓಡಾಡಿ, ಪ್ರಶ್ನಾವಳಿ ತುಂಬಿ, ಬಂದಿದ್ದಳು.

ಅಲ್ಲಿಂದ ಸೀದಾ ಮಾವನ ತೋಟಕ್ಕೆ. ಅಲ್ಲಿ ಪ್ರಶಾಂತ ಸರ್ ಆಗಲೇ ಗೇಟಿನ ಹೊರಗೆ ಬೈಕಿನ ಮೇಲೆ ಕೂತು, ಫೋನು ಹಿಡಿದು ಕಾಯುತ್ತಿದ್ದರು. ವಿದ್ಯಾರ್ಥಿ ನಿಜವಾಗಿ ಕ್ಷೇತ್ರಕ್ಕೆ ಹೋದದ್ದಕ್ಕೆ ಫೋಟೋ ಬೇಕು, ಫೋಟೋದಲ್ಲಿ ಐಡಿ ಕಾರ್ಡು, ಪೂರ್ತಿ ಯೂನಿಫಾರಂ, ಹಿಂದೆ ತೋಟ ಕಾಣಬೇಕು. ಬೆಳಕು ಹೋಗುತ್ತಿದೆ, ಅವರು ಅಕ್ಕಿಆಲೂರಿಗೆ ಮುಟ್ಟಬೇಕು. ಚೌಡವ್ವ ತಂಬಿಗೆ ಹಿಡಿದು ಬಂದಳು, ಬೂಟ ಬಿಡವಾ ಅಂದಳು. ಆಗ ನೆನಪಾಯಿತು: ಎಡಗಾಲಿನ ಕಾಲುಚೀಲ ಹರಿದಿದೆ. ಹೆಬ್ಬೆರಳು ಪೂರ್ತಿ ಹೊರಗೆ, ಅದಕ್ಕೆ ಯಾವಾಗಲೋ ಹಚ್ಚಿ ಅರ್ಧ ಕಿತ್ತುಹೋದ ಕೆಂಪು ಬಣ್ಣ. ಪ್ರಶಾಂತ ಸರ್ ಎದುರಿಗೆ, ಆ ಚೂಪು ಮೂತಿಯ ಹೊಳೆಯುವ ಬೂಟಿನ ಪ್ರಶಾಂತ ಸರ್ ಎದುರಿಗೆ, ಆ ಬೆರಳನ್ನು ತೆರೆದಿಡುವುದು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ. ಆಮೇಲೆ ಎಷ್ಟೋ ಸಲ ಹುಡುಕಿದ್ದಳು, ಇರಲೇ ಇಲ್ಲ. "ಒಂದ ನಿಮಿಷ ಚೌಡವ್ವ" ಎಂದು ಹೇಳಿ ದಾಟಿ ಒಳಗೆ ಕಾಲಿಟ್ಟಳು. ಚೌಡವ್ವ ಅಷ್ಟರಲ್ಲಿ ತಂಬಿಗೆ ಬಗ್ಗಿಸಿಯಾಗಿತ್ತು. ನೀರು ಬೂಟಿನ ಮೂತಿಯ ಮೇಲೆ ಬಿದ್ದು ಸಿಡಿಯಿತು. ಬೂಟಿನ ಅಡಿ ಮಾತ್ರ ಒದ್ದೆಯಾಗಿ ಇನ್ನಷ್ಟು ಮೆತ್ತಗಾಗಿ ಮೊದಲ ಸಾಲಿನ ಮಣ್ಣಿಗೆ ಒತ್ತಿಕೊಂಡಿತು. ಸ್ಮೈಲ್ ಎಂದರು ಪ್ರಶಾಂತ ಸರ್. ಅವಳು ನಕ್ಕಳು. ಸುತ್ತಲಿನ ಬಳ್ಳಿಗಳೆಲ್ಲ ಒಮ್ಮೆಲೇ ಸುಮ್ಮನಾದವೆಂದು ಆ ಗಳಿಗೆಯಲ್ಲೇ ಅನ್ನಿಸಿತ್ತೋ, ಆಮೇಲೆ ಅವಳೇ ಸೇರಿಸಿಕೊಂಡಳೋ, ಈಗ ತಿಳಿಯುವುದು ಕಷ್ಟ.

ದಸರೆಯ ಹೊತ್ತಿಗೆ ಮೊದಲ ಸಾಲಿನ ಎಲೆ ಬಾಡಿದವು. ಫೋಟೋ ತೆಗೆಸಿಕೊಂಡ ಜಾಗದಿಂದ ಶುರುವಾಗಿ, ನೀರಿನ ಕಾಲುವೆಗುಂಟ ಹೋಯಿತು. ಅದೇ ವಾರ ಮಾವ ಹಾನಗಲ್ಲಿಗೆ ಹೋಗಿ ತೋಟದ ಹೆಸರಿನ ಒಂದು ರಬ್ಬರ್ ಸಿಕ್ಕಾ ಮಾಡಿಸಿಕೊಂಡು ಬಂದ. ಪ್ರಾಜೆಕ್ಟಿಗೆ ಸಂಸ್ಥೆಯ ಪ್ರಮಾಣಪತ್ರ ಬೇಕು, ಸಹಿ ಮೇಲೆ ಸಿಕ್ಕಾ ಬೇಕು. ಮೂರು ತಲೆಮಾರು ಸಿಕ್ಕಾ ಇಲ್ಲದೆ ಬದುಕಿದ ತೋಟ. ಪ್ರಶಾಂತ ಸರ್ ಮನೆಗೇ ಬಂದು ರಿಪೋರ್ಟನ್ನು ಕನ್ನಡದಲ್ಲಿ ಓದಿ ಹೇಳಿದರು, ಮಾವ ಕಾಲ ಮೇಲೆ ಕಾಲು ಹಾಕಿ ಕೇಳಿದ. ಅದರಲ್ಲಿ ನಾಲ್ಕು ಚೌಕದ ಒಂದು ಪುಟವಿತ್ತು: ಬಲ, ದೌರ್ಬಲ್ಯ, ಅವಕಾಶ, ಅಪಾಯ. ಅದನ್ನು ಕ್ಲಾಸಿನಲ್ಲಿ ಮೊದಲು ನೋಡಿದ ದಿನ ನೀಲಾಂಬಿಕಾಗೆ ಆಯಿಯ ಕತೆಯ ನಾಲ್ಕು ಕೋಣೆಯ ಮನೆ ನೆನಪಾಗಿತ್ತು, ಮೂರು ತೆಗಿ, ನಾಲ್ಕನೆಯದನ್ನು ತೆಗೆಯಬೇಡ ಎಂದು ಹೇಳಿ ಹೋಗುವ ರಾಕ್ಷಸನ ಮನೆ. ಎರಡನೆಯ ಕೋಣೆಯಲ್ಲಿ ಅವಳು ಬರೆದಿದ್ದಳು: ಚಪ್ಪಲಿ ಬಿಟ್ಟು ಕಾಲು ತೊಳೆಯುವ ಮೂಢ ಪದ್ಧತಿಯಿಂದ ಒಬ್ಬ ಕೆಲಸಗಾರನಿಗೆ ದಿನಕ್ಕೆ ಹನ್ನೆರಡು ನಿಮಿಷ ವ್ಯರ್ಥ. ಫೋನಿನ ಗಡಿಯಾರ ಹಿಡಿದು ಗೇಟಿನಲ್ಲಿ ಮೂರು ದಿನ ನಿಂತು ಅಳೆದದ್ದು. ಚೌಡವ್ವನಿಗೆ ಅಳೆಯುವುದು ಗೊತ್ತಾಗಿ, ಪಾಪ, ನೀರು ಬೇಗ ಬೇಗ ಹಾಕಿದ್ದಳು. ನಾಲ್ಕನೆಯ ಕೋಣೆಗೆ ಬರೆಯಲು ಏನೂ ಹೊಳೆಯದೆ, ಗುಟ್ಕಾದ ಪೈಪೋಟಿ ಎಂದು ಬರೆದು ಮುಚ್ಚಿದ್ದಳು. ಹನ್ನೆರಡು ನಿಮಿಷದ ಮಾತು ಮಾವನಿಗೆ ಬಹಳ ಹಿಡಿಸಿತು. ಸಿಕ್ಕಾ ಹೊಡೆದ. ಮರುದಿನದಿಂದ ಚಹಾದಂಗಡಿಯಲ್ಲಿ ಎಂಟೂ ತೋಟದವರಿಗೆ ಹೇಳಿದ್ದೇ ಹೇಳಿದ್ದು, ನಮ್ಮ ಹುಡುಗಿ ಗಡಿಯಾರ ಹಿಡದು ಬರದಾಳ, ನಾವು ವರ್ಷಕ್ಕ ಎಷ್ಟು ದಿನ ಬರೇ ಕಾಲು ತೊಳಕೊಂತ ಕುಂತೇವಿ ಅಂತ.

ತೋಟ ಬಾಡಿದಾಗ ಮಾತ್ರ ಕಾರಣ ಹಳೆಯ ಕಡೆಯೇ ಹುಡುಕಿದರು. ಹೊರಗಾದವಳು ಒಳಗೆ ಬಂದಿದ್ದಾಳೆ ಎಂದಳು ಅತ್ತಿ. ಕೊಯ್ಯುವ ಹೆಂಗಸರು ನಾಲ್ಕು ಮಂದಿ. ಮೂವರು ತಮ್ಮ ತಮ್ಮ ದಿನ ಎಣಿಸಿ ಹೇಳಿದರು, ಚೌಡವ್ವ ಹೇಳಲಿಲ್ಲ. ಅಂಗಳದಲ್ಲಿ ನಿಂತಿದ್ದಳು. ನೀಲಾಂಬಿಕಾ ಚಹಾದ ಲೋಟ ಹಿಡಿದು ಹೊಸ್ತಿಲಲ್ಲಿದ್ದಳು. ಚೌಡವ್ವ ಒಂದು ಸಲ ತಲೆಯೆತ್ತಿ ಅವಳನ್ನು ನೋಡಿದಳು, ಸಿಟ್ಟಿಲ್ಲದೆ, ಬಸ್ಸು ಬರುತ್ತದೋ ಇಲ್ಲವೋ ಎಂದು ರಸ್ತೆ ನೋಡುವವರ ಹಾಗೆ. ಸ್ವಲ್ಪ ಹೊತ್ತು ಕಾದಳು. ಆಮೇಲೆ ಕಣ್ಣು ತೆಗೆದು ನೆಲಕ್ಕೆ ಹಾಕಿದಳು. ಲೋಟದ ಚಹಾದ ಮೇಲೆ ಕೆನೆ ಕಟ್ಟಿತು. ನಾಳೆಯಿಂದ ತೋಟಕ್ಕೆ ಬರಬೇಡವೆಂದು ಹೇಳಿಸಿಕೊಂಡು ಹೋಗುವಾಗ ಹಿತ್ತಲಿನಲ್ಲಿ ನೀರು ಕುಡಿಯುವ ನೆವದಲ್ಲಿ ನಿಂತು, ಅವಳಿಗಷ್ಟೇ ಕೇಳುವ ಹಾಗೆ, "ನಂಗ ಅದು ನಿಂತು ನಾಕು ವರ್ಷಾತವಾ. ಗಂಡಸರ ಮುಂದ ಹೆಂಗ ಹೇಳ್ಲಿ" ಅಂದಿದ್ದಳು. ಬೂಟಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಎಷ್ಟು ಹಗುರವಾಗುತ್ತಿತ್ತು ಎಂದು ಎರಡು ತಿಂಗಳಿಂದ ನೀಲಾಂಬಿಕಾ ಅವಳ ಮೇಲೆ ಸಿಟ್ಟುಮಾಡಿಕೊಂಡಿದ್ದಳು. ಇವತ್ತು ಎಂಟು ಮಂದಿ ಕೂತು ಹೌದೆಂದುಬಿಟ್ಟರೆ ಸವಣೂರಿನ ಯಾವ ತೋಟವೂ ಚೌಡವ್ವನನ್ನು ಒಳಗೆ ಕರೆಯುವುದಿಲ್ಲ. ಐವತ್ತೆರಡರ ವಯಸ್ಸು, ಬೇರೆ ಕೆಲಸ ಅರಿಯದ ಕೈ, ತಗಡಿನ ಒಂದು ಉಗುರು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕರಿದ ಖಾರದ ತಿಂಡಿ ತಿನ್ನುತ್ತಿದ್ದರು. ಸವಣೂರಿಗೆ ಬಂದು ಖಾರ ತಿನ್ನದೆ ಹೋಗುವುದುಂಟೇ ಎಂದು ಪ್ರಶಾಂತ ಸರ್ ಬೆಳಗ್ಗೆಯೇ ತರಿಸಿಟ್ಟಿದ್ದರು. ಎಣ್ಣೆ ಹತ್ತಿದ ಹೆಬ್ಬೆರಳಿನಿಂದ ಪರೀಕ್ಷಕರು ಪುಟ ತಿರುವಿದರು, ನಾಲ್ಕು ಚೌಕದ ಪುಟದಲ್ಲಿ ನಿಂತರು. ಹನ್ನೆರಡು ನಿಮಿಷದ ಮೇಲೆ ಬೆರಳಿಟ್ಟು ಇದನ್ನು ನೀವೇ ಅಳೆದಿರಾ ಎಂದು ಕೇಳಿದರು. ಹೌದು ಸರ್. ಚೆನ್ನಾಗಿದೆ, ಎಲ್ಲರೂ ಅಂತರ್ಜಾಲದಿಂದ ಎತ್ತುತ್ತಾರೆ, ನೀವು ನಿಂತು ಅಳೆದಿದ್ದೀರಿ, ಎಂದರು. ಕೊನೆಯ ಪುಟದ ಫೋಟೋಗೆ ಬಂದರು. ಬಿಳಿ ಅಂಗಿ, ಐಡಿ ಕಾರ್ಡು, ನಗು, ಕಾಲ ಕೆಳಗೆ ತೋಟದ ಕೆಂಪು ಮಣ್ಣಿನ ಮೇಲೆ ಎರಡು ಕಪ್ಪು ಬೂಟು. ಮೂಲೆಯಲ್ಲಿ ತಾರೀಖು, ಗಂಟೆ, ಜಾಗದ ಹೆಸರು. ಹಿಂದೆ, ಅರ್ಧ ಮಸುಕಾಗಿ, ತಂಬಿಗೆ ಹಿಡಿದ ಒಂದು ಕೈ. ತೋಟದೊಳಗೂ ಫಾರ್ಮಲ್ಸ್, ವೆರಿ ಗುಡ್, ಎಂದರು ಪರೀಕ್ಷಕರು, ಅವರ ಹೆಬ್ಬೆರಳಿನ ಎಣ್ಣೆ ಬೂಟಿನ ಮೇಲೆ ಗುಂಡಗೆ ಕೂತು ಬೂಟು ಇನ್ನೂ ಹೊಳೆಯಿತು. ಆಮೇಲೆ ಎಲ್ಲರಿಗೂ ಕೇಳುವ ಕೊನೆಯ ಪ್ರಶ್ನೆ ಕೇಳಿದರು: ಈ ಅಧ್ಯಯನದ ಮಿತಿಗಳೇನು? ಅದಕ್ಕೆ ಉತ್ತರ ಕಂಠಪಾಠವಿತ್ತು, ಸಮಯದ ಕೊರತೆ, ಸಣ್ಣ ಮಾದರಿ, ಉತ್ತರಿಸಿದವರ ಹಿಂಜರಿಕೆ. ಅವಳು ತಂಬಿಗೆ ಹಿಡಿದ ಕೈಯನ್ನೇ ನೋಡುತ್ತಿದ್ದಳು. "ಸರ್, ನಾನು ನೋಡಿದ ತೋಟ ಸತ್ತಿದೆ" ಎಂದಳು. ಪರೀಕ್ಷಕರು ಪ್ರಶಾಂತ ಸರ್ ಕಡೆ ನೋಡಿದರು. ಪ್ರಶಾಂತ ಸರ್ ನಕ್ಕು, ರೋಗ ಬಂದದ ಸರ್, ಅದು ಆಮೇಲಿನ ಮಾತು, ಅಧ್ಯಯನದ ಅವಧಿಯೊಳಗೆ ಬರೂದಿಲ್ಲ, ಎಂದರು. ಹೌದು, ಅವಧಿಯೊಳಗೆ ಬರುವುದಿಲ್ಲ, ಎಂದು ಪರೀಕ್ಷಕರು ಒಪ್ಪಿ ಸಹಿ ಹಾಕಿದರು. ಕುರ್ಚಿಯಿಂದ ಎದ್ದಾಗ ನೆಲದ ಹೊಳೆಯುವ ಟೈಲ್ಸಿನ ಮೇಲೆ ಬೂದು ಪುಡಿಯ ಎರಡು ಗೆರೆ ಬಿದ್ದಿದ್ದವು.

ಹೊರಗೆ ಮುನಾಫ ತನ್ನ ಸರದಿಗೆ ಕಾಯುತ್ತ ಟೈ ಸಡಿಲಿಸಿಕೊಳ್ಳುತ್ತಿದ್ದ. ಹೆಂಗಾತು ಎಂದು ಕೇಳಿದ. ಅವಳು ನಿಮ್ಮಪ್ಪ ಸಂಜೆ ಬರುತ್ತಾರೇನು ಎಂದು ಕೇಳಿದಳು. ಬರುತ್ತಾನೆ, ಬೇಲಿ ಹೊರಗೆ ಕೂಡುತ್ತಾನೆ, ಮೊದಲ ಬಳ್ಳಿ ಬಾಡಿದಾಗಿಂದ ಒಂಬತ್ತು ತಿಂಗಳಾತು ಒಬ್ಬರ ತೋಟಕ್ಕೂ ಕಾಲಿಟ್ಟಿಲ್ಲ, ಸಂತೆಯಾಗೂ ದೂರ ನಿಂತು ಮಾತಾಡ್ತಾನ, ಎಂದ ಮುನಾಫ. ಅವನಿಗೆ ಅಪ್ಪನ ಈ ಹಟ ಹಾಸ್ಯಾಸ್ಪದವೂ ನೋವಿನದೂ ಆಗಿತ್ತು. ಆ ಮಧ್ಯಾಹ್ನ ನೀಲಾಂಬಿಕಾ ಮನೆಗೆ ಹೋಗಲಿಲ್ಲ. ಗ್ರಂಥಾಲಯದಲ್ಲಿ ಕೂತಳು, ಎದ್ದಳು, ಬಸ್ ನಿಲ್ದಾಣದ ತನಕ ಹೋದಳು. ಹಿರೇಕೆರೂರಿನ ಕಡೆಯ ಬಸ್ಸು ನಿಂತಿತ್ತು. ಹತ್ತಿ ಕೂತರೆ ಅವ್ವನ ಮನೆ, ಸಂಜೆಯ ಹೊತ್ತಿಗೆ ಇಲ್ಲಿ ಆಗುವುದು ಆಗಿರುತ್ತದೆ, ನಾಳೆ ಫೋನಿನಲ್ಲಿ ಗೊತ್ತಾಗುತ್ತದೆ, ಅಯ್ಯೋ ಪಾಪ ಎಂದು ಹೇಳಬಹುದು. ಒಂದು ಕಾಲು ಮೆಟ್ಟಿಲ ಮೇಲಿಟ್ಟಳು. ಬೂಟು ಟಪ್ಪೆಂದಿತು. ಒಳಗೆ ಕಿಟಕಿಯ ಬಳಿ ಎಲೆಯ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಮುದುಕಿಯೊಬ್ಬಳು ಸದ್ದಿಗೆ ಬೆಚ್ಚಿ, ಬುಟ್ಟಿಯ ಮೇಲಿನ ಒದ್ದೆ ಬಟ್ಟೆಯನ್ನು ಎಳೆದು ಮುಚ್ಚಿದಳು. ಕಾಲು ಇಳಿಸಿಕೊಂಡಳು.

ತೋಟದ ಗೇಟಿಗೆ ಬಂದಾಗ ಐದು ದಾಟಿತ್ತು. ಗೇಟಿನ ಮುಂದಿನ ನೆಲ ಖಾಲಿ. ಒಂದು ಚಪ್ಪಲಿಯೂ ಇರಲಿಲ್ಲ. ಯಾರೂ ಬಂದಿಲ್ಲ, ಸಭೆ ಮುಂದಕ್ಕೆ ಹೋಗಿದೆ, ಎಂದು ಎದೆ ಒಮ್ಮೆಲೇ ಹಗುರಾಯಿತು. ಆಗ ಒಳಗಿನಿಂದ ಕೆಮ್ಮಿದ ಸದ್ದು ಕೇಳಿಸಿತು. ಹತ್ತು ಹೆಜ್ಜೆಯಾಚೆ ಬಾವಿಕಟ್ಟೆಯ ಮೇಲೆ ಎಂಟು ಮಂದಿಯೂ ಕೂತಿದ್ದರು, ಸುತ್ತ ಹಳದಿಯಾದ ಬಳ್ಳಿಗಳು ಜೋತುಬಿದ್ದಿದ್ದವು. ಚೌಡವ್ವ ಹೋದ ಮೇಲೆ ಗೇಟಿನಲ್ಲಿ ನೀರು ಹಾಕುವವರು ಯಾರೂ ಇರಲಿಲ್ಲ. ಕೊಡ ಬೋರಲಾಗಿತ್ತು, ಅದರ ತಳದ ಮೇಲೆ ಇರುವೆ ಸಾಲು ಹೋಗುತ್ತಿತ್ತು. ಬೇಲಿಯ ಹೊರಗೆ ಕಲ್ಲಿನ ಮೇಲೆ ಮುಜಮ್ಮಿಲ ಸಾಬರು ಬರಿಗಾಲಲ್ಲಿ ಕೂತಿದ್ದರು, ಅವರಿಂದ ಮಾರು ದೂರ ಚೌಡವ್ವ ಬರಿಗಾಲಲ್ಲಿ ನಿಂತಿದ್ದಳು. ಒಳಗೆ ಮಾತು ಮುಗಿಯುವುದಕ್ಕೆ ಬಂದಿತ್ತು. ಮೈಲಾರಿ ಎಂಬ ಹಿರಿಯ ಕಟ್ಟೆಯ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತ, ಒಂದು ತೋಟದ ಮಾತಲ್ಲ ಇದು, ಎಂಟು ತೋಟದ್ದು, ಆಕಿಗೆ ನಾವ್ಯಾರೂ ಕೆಲಸ ಕೊಡಬಾರದು, ಎಂದು ಹೇಳುತ್ತಿದ್ದ. ಕೆಟ್ಟ ಮನುಷ್ಯನಲ್ಲ, ದನಿಯಲ್ಲಿ ಬೇಸರವಿತ್ತು.

ನೀಲಾಂಬಿಕಾ ಗೇಟಿನ ಕಂಬ ಹಿಡಿದಳು. "ಮಾವ, ತೋಟಕ್ಕ ಬೂಟ ಹಾಕ್ಕೊಂಡು ಬಂದಾಕಿ ನಾನು" ಎಂದಳು. ತನ್ನ ದನಿ ಯಾರದೋ ಮನೆಯ ರೇಡಿಯೋದಂತೆ ಕೇಳಿಸಿತು. "ಮುಜಮ್ಮಿಲ ಕಾಕಾರ ತೋಟದಿಂದ ಸೀದಾ ಬಂದಿದ್ದೆ. ಚೌಡವ್ವ ಬಿಡು ಅಂದ್ಲು. ನಾ ಬಿಡಲಿಲ್ಲ."

ಎಲ್ಲರೂ ಲಕ್ಕಪ್ಪನ ಕಡೆ ನೋಡಿದರು. ಅವನು ನಗಲು ನೋಡಿದ, ಆಗಲಿಲ್ಲ. "ನಿನ್ನ ಪುಸ್ತಕದಾಗ ಏನ ಬರದೀ ನೀನು?" ಎಂದ ಮೆಲ್ಲಗೆ. "ಕಾಲ ತೊಳ್ಯೂದು ಮೂಢನಂಬಿಕಿ, ಹನ್ನೆರಡು ನಿಮಿಷ ದಂಡ, ಅಂತ. ನಾ ಓದಿಸಿ ಕೇಳೇನಿ, ಸಿಕ್ಕಾ ಹೊಡದೇನಿ. ಈಗ ಬೂಟಿನ ಮಣ್ಣಿಗೆ ತೋಟ ಸತ್ತೈತಿ ಅಂತೀ. ಯಾವುದು ಖರೇ, ಯಾವುದು ಸುಳ್ಳು?"

ಹುಡುಗಿ ಮನಸು ಮೆತ್ತಗೈತಿ, ಚೌಡವ್ವನ ಮೇಲೆ ಕರುಳು, ಎಂದು ಮೈಲಾರಿ ಅವಳ ಪರವಾಗಿಯೇ ಹೇಳಿದ. ಒಂದಿಬ್ಬರು ತಲೆಯಾಡಿಸಿದರು. ಅವರ ಕಣ್ಣಿನಲ್ಲಿ ಅಕ್ಕರೆಯೇ ಇತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಆ ಅಕ್ಕರೆ ಅವಳನ್ನು ಎತ್ತಿ ಮನೆಗೆ ಒಯ್ದು ಮಲಗಿಸಿಬಿಡುತ್ತಿತ್ತು. ಅವಳು ನೆಲಕ್ಕೆ ಕೂತಳು. ಲೇಸು ಗಂಟಾಗಿತ್ತು, ಹಲ್ಲಿನಿಂದ ಕಚ್ಚಿ ಬಿಡಿಸಿದಳು. ಎಡಗಾಲಿನ ಬೂಟು ಬಿಚ್ಚಿತು. ಮೇಲಿನ ಕಾಲುಚೀಲ ಬೂಟಿನೊಂದಿಗೇ ಜಾರಿಹೋಯಿತು, ಒಳಗಿನ ಹರಕು ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಬಂದು ಎಂಟು ಮಂದಿ ಗಂಡಸರ ಮುಂದೆ ನಿಂತಿತು. ಅವಳು ಅದನ್ನು ಮುಚ್ಚಲಿಲ್ಲ. ಬೂಟನ್ನು ಬೋರಲು ಹಿಡಿದು ಮುಜಮ್ಮಿಲ ಸಾಬರ ಕೈಗೆ ಕೊಟ್ಟಳು.

ಸಾಬರು ಕನ್ನಡಕ ಹಣೆಗೇರಿಸಿ ಅಡಿಯನ್ನು ಕಣ್ಣಿನ ಹತ್ತಿರ ತಂದರು. ಉಗುರಿನಿಂದ ಗೀರಿನ ಮಣ್ಣು ಎಬ್ಬಿಸಿದರು, ಅಂಗೈಗೆ ಹಾಕಿ ಎಂಜಲು ಹಚ್ಚಿ ಅರೆದರು. ಬೂದು ಮಣ್ಣಿನ ನಡುವೆ ಆ ಬಿಳಿ ಚೂರು ಉಳಿದವು, ಬಸವನಹುಳುವಿನ ಚಿಪ್ಪಿನ ಚೂರು. ಕೆರೆಯ ಹೂಳು ಹಾಸಿದವರು ಊರಲ್ಲಿ ಅವರೊಬ್ಬರೇ. ಬಹಳ ಹೊತ್ತು ಅಂಗೈ ನೋಡುತ್ತ ಕೂತರು. ಮಗುವಿನ ಹಳೆಯ ಅಂಗಿ ಸಿಕ್ಕಿದವರ ಹಾಗೆ ಅವರ ಮುಖ ಸಡಿಲ ಬಿದ್ದಿತ್ತು. ಆಮೇಲೆ ಅಂಗೈಯನ್ನು ಎಚ್ಚರದಿಂದ ಮುಚ್ಚಿ, "ಲಕ್ಕಪ್ಪಣ್ಣ, ಈ ಮಣ್ಣ ನಂದು" ಅಂದರು.

ಎಲ್ಲಿಯೋ ಒಂದು ಬಳ್ಳಿ ಮರದಿಂದ ಬಿಟ್ಟುಕೊಂಡು ಸರ್ರನೆ ಕೆಳಗೆ ಬಿತ್ತು. ಮೊದಲು ತಲೆ ತಗ್ಗಿಸಿದವನು ಮೈಲಾರಿ. ಕಟ್ಟೆಯಿಂದ ಇಳಿಬಿಟ್ಟ ತನ್ನ ಕಾಲನ್ನು ನೋಡಿದ. ಕಾಲಲ್ಲಿ ಟಯರಿನ ಚಪ್ಪಲಿ ಇತ್ತು, ಚಪ್ಪಲಿಯ ಅಂಚಿಗೆ ಈ ತೋಟದ ಕೆಂಪು ಕೆಸರು ಮೆತ್ತಿತ್ತು. ಆಗಲೇ ಒಳಗೆ ಬರುವಾಗ ಅವನೇ ಅಂದಿದ್ದ, ಹೆಂಗೂ ಒಣಗಿದ ತೋಟ, ಏನಾಗಬೇಕೈತಿ, ಬರ್ರಿ ಬರ್ರಿ ಎಂದು. ಅವನ ಮಗ್ಗುಲಿನವನೂ ಕೆಳಗೆ ನೋಡಿದ. ಹಾಗೆಯೇ ಒಬ್ಬೊಬ್ಬರಾಗಿ ಎಂಟು ತಲೆ ತಗ್ಗಿದವು. ಎಂಟು ತೋಟದ ಎಂಟು ಜೊತೆ ಚಪ್ಪಲಿ, ಎಲ್ಲದಕ್ಕೂ ಒಂದೇ ಬಣ್ಣದ ಕೆಸರು. ಲಕ್ಕಪ್ಪ ಒಂದು ಕಾಲನ್ನು ಮೆಲ್ಲಗೆ ಮೇಲೆತ್ತಿದ, ಎಲ್ಲಿ ಇಡಬೇಕೆಂದು ತಿಳಿಯದೆ ಹಾಗೆಯೇ ಹಿಡಿದ.

ಚೌಡವ್ವ ಗೇಟಿನ ತನಕ ಬಂದಳು. ಒಳಗೆ ಬರಲಿಲ್ಲ. ಬೋರಲು ಬಿದ್ದ ಕೊಡವನ್ನು ಎತ್ತಿ ನಿಲ್ಲಿಸಿದಳು, ಇರುವೆ ಕೊಡವಿದಳು, ಒಳಗೆ ಇಣುಕಿ ನೋಡಿದಳು. ಆಮೇಲೆ ಕಟ್ಟೆಯ ಮೇಲಿನವರ ಕಡೆ ನೋಡಿ, ಇಪ್ಪತ್ತೆರಡು ವರ್ಷ ಕೇಳದಿದ್ದ ಮಾತನ್ನು ಕೇಳಿದಳು:

"ಇವತ್ತ ನೀರ ಯಾರ ಹಾಕ್ತೀರಿ?"

ನೀರು ಬಾವಿಯಲ್ಲಿತ್ತು, ಅವರ ಬೆನ್ನ ಹಿಂದೆಯೇ. ಯಾರೂ ಏಳಲಿಲ್ಲ. ಎದ್ದರೆ ಕಾಲು ಕೆಳಗಿಡಬೇಕಾಗುತ್ತಿತ್ತು. ಬಿಸಿಲು ಬೋಳು ಮರಗಳ ತುದಿಗೆ ಏರಿತ್ತು, ಬೇಲಿಯಾಚೆ ಮೈಲಾರಿಯ ತೋಟ, ಅದರಾಚೆ ಇನ್ನೊಬ್ಬನದು, ಅದರಾಚೆ ಇನ್ನೊಬ್ಬನದು, ಕಣ್ಣು ಹೋದಷ್ಟು ದೂರ ಹಸಿರು ಹಸಿರಾಗಿ ನಿಂತಿದ್ದವು. ಒಂದು ಎಲೆಯೂ ಅಲುಗಲಿಲ್ಲ. ಹರಕು ಕಾಲುಚೀಲದ ಬೆರಳನ್ನು ತಣ್ಣನೆಯ ನೆಲಕ್ಕೆ ಒತ್ತಿ ಕೂತಿದ್ದ ನೀಲಾಂಬಿಕಾಗೆ, ಅವೆಲ್ಲ ಉಸಿರು ಹಿಡಿದು ನಿಂತದ್ದು ಕೇಳಿಸುತ್ತಿತ್ತು.